ಬಲಾಢ್ಯನ ಸೇನೆಗೂ ಒಂದು ಗಡಿಯಿದೆ
ಶ್ರೀಲಂಕೆಯಲ್ಲಿ ಭಾರತೀಯ ಪಡೆ ಕಳೆದ 32 ತಿಂಗಳುಗಳು ಕಲಿಸಿದ ಪಾಠ

1990ನೇ ಇಸವಿ ಮಾರ್ಚ್ 24ರಂದು ಶ್ರೀಲಂಕೆಯ ಟ್ರಿಂಕೋಮಲಿ ಬಂದರಿನಲ್ಲಿ ಭಾರತೀಯ ಶಾಂತಿ ಪಾಲನಾ ಪಡೆಯ ಕೊನೆಯ ತುಕಡಿ ಹಡಗು ಹತ್ತಿತು. 1987ರ ಜುಲೈ ತಿಂಗಳ ಕೊನೆಯಲ್ಲಿ ಅಲ್ಲಿಗೆ ಹೋದ ಪಡೆ 32 ತಿಂಗಳುಗಳ ಅನಂತರ ತಾಯ್ನಾಡಿಗೆ ಮರಳಿತು. ಹೋದಾಗ ಕೆಲವೇ ಸಾವಿರದಷ್ಟಿದ್ದ ಸೈನಿಕರ ಸಂಖ್ಯೆ ನಡುವೆ ಎಂಬತ್ತು ಸಾವಿರದ ಆಸುಪಾಸಿಗೆ ಏರಿತ್ತು. 1,100ಕ್ಕೂ ಹೆಚ್ಚು ಜವಾನರೂ ಅಧಿಕಾರಿಗಳೂ ಅಲ್ಲಿಯೇ ಪ್ರಾಣ ತೆತ್ತರು. ಗಾಯಗೊಂಡವರು ಅದರ ಎರಡು ಪಟ್ಟಿಗೂ ಮಿಕ್ಕಿದ್ದರು. ಯಾವ ಕೆಲಸಕ್ಕೆಂದು ಪಡೆಯನ್ನು ಕಳುಹಿಸಲಾಗಿತ್ತೋ ಆ ಕೆಲಸ ಮಾತ್ರ ಆಗಿರಲಿಲ್ಲ. ಮದರಾಸಿನ ಬಂದರಿನಲ್ಲಿ ಮರಳಿದ ಸೈನಿಕರನ್ನು ಎದುರುಗೊಳ್ಳಲು ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಎಂ. ಕರುಣಾನಿಧಿಯವರು ಹೋಗಲಿಲ್ಲ. ಸತ್ತವರ ಮನೆಗಳಲ್ಲಿ ಅಳು ಇನ್ನೂ ನಿಂತಿರಲಿಲ್ಲ. ದೇಶಕ್ಕೆ ಮಾತ್ರ ಈ ವಿಚಾರವನ್ನು ಬೇಗನೆ ಮರೆತರೆ ಸಾಕೆಂಬಂತಾಗಿತ್ತು.

ದೊಡ್ಡ ದೇಶವೊಂದು ಸಣ್ಣ ನೆರೆರಾಷ್ಟ್ರಕ್ಕೆ ಸೇನೆಯನ್ನು ಕಳುಹಿಸಿದಾಗ ಏನಾಗುತ್ತದೆ ಎಂಬ ಮಾತು ಬಂದೊಡನೆ ನಾವು ಅಮೆರಿಕ, ರಷ್ಯಗಳ ಕಡೆಗೆ ಬೊಟ್ಟು ಮಾಡುವುದು ವಾಡಿಕೆ. ಆದರೆ ನಮ್ಮದೇ ದೇಶ ಬಲಾಢ್ಯನ ಸ್ಥಾನದಲ್ಲಿ ನಿಂತಿದ್ದ ಈ ಪ್ರಕರಣವು ಹೆಚ್ಚಿನದನ್ನು ತಿಳಿಸಬಲ್ಲುದು. ಅದರಲ್ಲಿಯೂ ಭಾಷಾ ಅಲ್ಪಸಂಖ್ಯಾತರಾಗಿ ಬಾಳುತ್ತಿರುವ ನಮಗೆ ಈ ಕತೆ ಬೇರೆ ಕಾರಣಕ್ಕಾಗಿಯೂ ಮನಸ್ಸಿಗೆ ತಟ್ಟುವಂಥದು. ಏಕೆಂದರೆ ಲಂಕೆಯ ಬೆಂಕಿಗೆ ಮೊದಲ ಕಿಡಿ ಬಿದ್ದುದು ಭಾಷೆಯ ವಿಷಯದಲ್ಲಿಯೇ.

ಕಿಡಿ ಬಿದ್ದದ್ದು 1956ರಲ್ಲಿ

1956 ಎಂದರೆ ಕಾಸರಗೋಡಿನವರಾದ ನಮಗೆ ನೆನಪಿಗೆ ಬರುವುದು ನವೆಂಬರ್ 1, ಅಂದರೆ ಈ ನೆಲವು ಕೇರಳಕ್ಕೆ ಸೇರಿದ ದಿನ. ಅದೇ ವರ್ಷದ ನಡುವಿನಲ್ಲಿ, ಕಡಲಾಚೆಯ ದ್ವೀಪದಲ್ಲಿ ಪ್ರಧಾನಿ ಎಸ್.ಡಬ್ಲ್ಯೂ.ಆರ್.ಡಿ. ಬಂಡಾರನಾಯಕೆಯವರ ಸರಕಾರವು ಸಿಂಹಳವೊಂದೇ ಅಧಿಕೃತ ಭಾಷೆಯೆಂಬ ಕಾನೂನನ್ನು ತಂದಿತು. ತಮಿಳು ಮಾತನಾಡುವವರು ತಮ್ಮದೇ ದೇಶದ ಕಚೇರಿಗಳಲ್ಲಿ ಪರಕೀಯರಾದರು. ಸರಕಾರಿ ಉದ್ಯೋಗದಲ್ಲಿದ್ದವರು ಸಿಂಹಳ ಕಲಿಯಬೇಕು, ಇಲ್ಲವೇ ಬಡ್ತಿಯ ಆಸೆ ಬಿಡಬೇಕು ಎಂಬಂತಾಯಿತು. 1957ರಲ್ಲಿ ಬಂಡಾರನಾಯಕೆಯವರೂ ತಮಿಳರ ನಾಯಕ ಎಸ್.ಜೆ.ವಿ. ಚೆಲ್ವನಾಯಕಂ ಅವರೂ ಒಂದು ಒಪ್ಪಂದ ಮಾಡಿಕೊಂಡರು. ಬಹುಸಂಖ್ಯಾತರಲ್ಲಿನ ಉಗ್ರವಾದಿಗಳ ಗದ್ದಲಕ್ಕೆ ಮಣಿದು 1958ರಲ್ಲಿ ಅದನ್ನು ಕೈಬಿಡಲಾಯಿತು. ಅಲ್ಲಿಂದ ಮುಂದೆ ಮಾತುಕತೆ, ಒಪ್ಪಂದ, ಮಾತು ತಪ್ಪುವುದು ಎಂಬ ಸರಣಿಯೇ ಬೆಳೆಯಿತು.

1970ರ ದಶಕದಲ್ಲಿ ವಿಶ್ವವಿದ್ಯಾಲಯಗಳ ಪ್ರವೇಶಕ್ಕೂ ಹೊಸ ನಿಯಮಗಳು ಬಂದು ತಮಿಳು ತರುಣರ ಓದಿನ ದಾರಿಯೂ ಇಕ್ಕಟ್ಟಾಯಿತು. 1976ರಲ್ಲಿ ತಮಿಳ್ ಈಳಂ ವಿಮೋಚನಾ ಹುಲಿಗಳು, ಎಂದರೆ ಎಲ್.ಟಿ.ಟಿ.ಇ., ಎಂಬ ಸಂಘಟನೆ ಹುಟ್ಟಿತು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿಯಿಡಲಾಯಿತು. ತೊಂಬತ್ತು ಸಾವಿರಕ್ಕೂ ಮೇಲ್ಪಟ್ಟ ಗ್ರಂಥಗಳು, ತಾಳೆಗರಿಗಳ ಸಹಿತ, ಬೂದಿಯಾದವು. ಒಂದು ಜನಾಂಗದ ಪುಸ್ತಕ ಭಂಡಾರವನ್ನೇ ಸುಟ್ಟ ಮೇಲೆ ಅಲ್ಲಿನ ತರುಣರಿಗೆ ಸಂಯಮದ ಮಾತು ಹೇಳುವ ಹಿರಿಯರ ಧ್ವನಿ ಕುಗ್ಗಿತು. 1983ರ ಜುಲೈಯಲ್ಲಿ ಜಾಫ್ನಾದ ಬಳಿ 13 ಮಂದಿ ಸೈನಿಕರನ್ನು ಹುಲಿಗಳು ಕೊಂದರು. ಅದರ ಸೇಡಿಗೆ ಕೊಲಂಬೊ ಮೊದಲಾದ ಕಡೆಗಳಲ್ಲಿ ನೂರಾರು ತಮಿಳರ ಕೊಲೆಯಾಯಿತು, ಅಂಗಡಿಮನೆಗಳು ಉರಿದವು. ವೆಲಿಕಡ ಸೆರೆಮನೆಯೊಳಗೇ 53 ಮಂದಿ ತಮಿಳು ಕೈದಿಗಳನ್ನು ಕೊಲ್ಲಲಾಯಿತು. ನಿರಾಶ್ರಿತರು ದೋಣಿಗಳಲ್ಲಿ ಪಾಕ್ ಜಲಸಂಧಿ ದಾಟಿ ತಮಿಳುನಾಡಿನ ಕರೆಗೆ ಬಂದಿಳಿಯತೊಡಗಿದರು.

ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಕೋವಿ

ಇಲ್ಲಿಂದ ಭಾರತದ ಪಾತ್ರ ಮೊದಲಾಗುತ್ತದೆ. ದೆಹಲಿಯು ಈ ಪ್ರಶ್ನೆಯಲ್ಲಿ ಏಕಕಾಲದಲ್ಲಿ ಎರಡು ವೇಷಗಳನ್ನು ಹಾಕಿತು. ಒಂದು, ಕೊಲಂಬೊ ಸರಕಾರಕ್ಕೂ ತಮಿಳು ಪಕ್ಷಗಳಿಗೂ ನಡುವೆ ಮಧ್ಯಸ್ಥನ ವೇಷ. 1985ರಲ್ಲಿ ಭೂತಾನದ ಥಿಂಫುವಿನಲ್ಲಿ ನಡೆದ ಮಾತುಕತೆ ಅದರ ಫಲ. ಇನ್ನೊಂದು, ತಮಿಳು ಉಗ್ರಗಾಮಿ ಗುಂಪುಗಳಿಗೆ ಗುಟ್ಟಿನಲ್ಲಿ ಶಿಬಿರ, ತರಬೇತಿ, ಆಯುಧಗಳನ್ನು ಒದಗಿಸುವ ವೇಷ. 1983ರ ಬಳಿಕ ತಮಿಳುನಾಡಿನಲ್ಲಿಯೂ ಉತ್ತರ ಭಾರತದಲ್ಲಿಯೂ ಈ ಶಿಬಿರಗಳು ನಡೆದವು. ಕೊಲಂಬೊ ಸರಕಾರ ಬಗ್ಗಲಿ, ಆದರೆ ದೇಶ ಒಡೆಯದಿರಲಿ ಎಂಬುದು ದೆಹಲಿಯ ಎಣಿಕೆಯಾಗಿತ್ತು. ಹುಡುಗರು ನಮ್ಮ ಮಾತು ಕೇಳುವಷ್ಟೇ ಬಲಿಯಲಿ, ಮೀರಿ ಬೆಳೆಯದಿರಲಿ ಎಂಬ ಲೆಕ್ಕ. ಆದರೆ ಕೋವಿ ಹಿಡಿಯಲು ಕಲಿತವನು ಅದನ್ನು ಯಾರ ಕಡೆಗೆ ತಿರುಗಿಸಬೇಕೆಂಬುದನ್ನು ಗುರುವಿನಲ್ಲಿ ಕೇಳಿ ತೀರ್ಮಾನಿಸುವುದಿಲ್ಲ. ಹುಲಿಗಳು ಮೊದಲು ಇತರ ತಮಿಳು ಗುಂಪುಗಳನ್ನೇ ಬಗ್ಗುಬಡಿದು ತಮ್ಮ ಏಕಸ್ವಾಮ್ಯ ಸ್ಥಾಪಿಸಿಕೊಂಡರು.

1987ರ ಬೇಸಗೆಯಲ್ಲಿ ಲಂಕಾ ಸೇನೆಯು ಜಾಫ್ನಾದ ವಡಮರಾಚ್ಚಿಯ ಮೇಲೆ ದೊಡ್ಡ ದಾಳಿ ನಡೆಸಿತು. ಭಾರತವು ಪರಿಹಾರ ಸಾಮಗ್ರಿ ಹೊತ್ತ ದೋಣಿಗಳನ್ನು ಕಳುಹಿಸಿದಾಗ ಲಂಕೆಯ ನೌಕಾಪಡೆ ಜೂನ್ 3ರಂದು ಅವುಗಳನ್ನು ಹಿಂದಕ್ಕಟ್ಟಿತು. ಮರುದಿನವೇ ಬೆಂಗಳೂರಿನಿಂದ ಹೊರಟ ಐದು ಎ.ಎನ್.-32 ವಿಮಾನಗಳು, ಮಿರಾಜ್ ಯುದ್ಧ ವಿಮಾನಗಳ ಬೆಂಗಾವಲಿನಲ್ಲಿ, ಜಾಫ್ನಾದ ಮೇಲೆ ಆಹಾರ ಪದಾರ್ಥಗಳನ್ನು ಸುರಿದವು. ಸುರಿದದ್ದು ಅಕ್ಕಿಬೇಳೆಯಾದರೂ ಕೊಲಂಬೊಗೆ ಅದರ ಅರ್ಥ ಆಗದೆ ಇರಲಿಲ್ಲ. ಅಧ್ಯಕ್ಷ ಜೆ.ಆರ್. ಜಯವರ್ಧನೆ ಸಂಧಾನಕ್ಕೆ ಬಂದರು. ಜುಲೈ 29ರಂದು ಕೊಲಂಬೊದಲ್ಲಿ ರಾಜೀವ ಗಾಂಧಿಯವರೂ ಜಯವರ್ಧನೆಯವರೂ ಒಪ್ಪಂದಕ್ಕೆ ಸಹಿ ಹಾಕಿದರು.

ಒಪ್ಪಂದದಲ್ಲಿ ಒಳ್ಳೆಯ ಅಂಶಗಳು ಇಲ್ಲದಿರಲಿಲ್ಲ. ಉತ್ತರ ಮತ್ತು ಪೂರ್ವ ಪ್ರಾಂತಗಳನ್ನು ತಾತ್ಕಾಲಿಕವಾಗಿ ಒಂದುಗೂಡಿಸುವುದು, ಅಲ್ಲಿಗೆ ಚುನಾಯಿತ ಪ್ರಾಂತೀಯ ಮಂಡಳಿ, ಸಿಂಹಳದ ಜೊತೆಗೆ ತಮಿಳಿಗೂ ಇಂಗ್ಲಿಷಿಗೂ ಅಧಿಕೃತ ಭಾಷೆಯ ಸ್ಥಾನ ಇವೆಲ್ಲ ಅದರಲ್ಲಿದ್ದವು. ಜತೆಗೆ ವಿನಿಮಯವಾದ ಪತ್ರಗಳಲ್ಲಿ ಭಾರತದ ಸ್ವಂತ ಹಿತವೂ ಇತ್ತು. ಟ್ರಿಂಕೋಮಲಿ ಬಂದರನ್ನು ಭಾರತಕ್ಕೆ ಮಾರಕವಾಗುವಂತೆ ಯಾವ ದೇಶದ ಸೇನೆಗೂ ಬಿಟ್ಟುಕೊಡಬಾರದೆಂಬುದು ಅವುಗಳಲ್ಲೊಂದು. ಆದರೆ ಜಗಳವಾಡುತ್ತಿದ್ದ ಎರಡು ಕಕ್ಷಿಗಳಲ್ಲಿ ಒಂದರ ಸಹಿಯೇ ಒಪ್ಪಂದದ ಮೇಲೆ ಇರಲಿಲ್ಲ. ಹುಲಿಗಳ ಪರವಾಗಿ ಭಾರತವೇ ಹೊಣೆ ಹೊತ್ತಿತು. 72 ಗಂಟೆಗಳೊಳಗೆ ಅವರು ಆಯುಧ ಒಪ್ಪಿಸುವರೆಂದು ಬರೆಯಲಾಗಿತ್ತು. ಬರೆದವರ ಕೈಯಲ್ಲಿ ಆ ಆಯುಧಗಳಿರಲಿಲ್ಲ. ಇತ್ತ ಸಿಂಹಳೀಯರಲ್ಲಿಯೂ ಇದು ನೆರೆಯ ದೊಡ್ಡಣ್ಣನ ಬಲಾತ್ಕಾರವೆಂಬ ಸಿಟ್ಟು ಕುದಿಯುತ್ತಿತ್ತು. ಸಹಿ ಹಾಕಿದ ಮರುದಿನ ಗೌರವ ರಕ್ಷೆ ಸ್ವೀಕರಿಸುತ್ತಿದ್ದ ರಾಜೀವ ಗಾಂಧಿಯವರ ಮೇಲೆ ಲಂಕೆಯ ನಾವಿಕನೊಬ್ಬ ಕೋವಿಯ ಹಿಡಿಯಿಂದ ಹೊಡೆದದ್ದು ಆ ಸಿಟ್ಟಿನ ಮೊದಲ ಕುರುಹು.

ಹೂಮಾಲೆಯಿಂದ ಸಿಡಿಗುಂಡಿಗೆ

ಮೊದಲ ವಾರಗಳಲ್ಲಿ ಜಾಫ್ನಾದ ಜನ ಭಾರತೀಯ ಸೈನಿಕರಿಗೆ ಹೂಮಾಲೆ ಹಾಕಿ ಸ್ವಾಗತಿಸಿದರು. ಹುಲಿಗಳು ಆಗಸ್ಟಿನಲ್ಲಿ ಕೆಲವು ಆಯುಧಗಳನ್ನು ಒಪ್ಪಿಸಿದರು, ಹೆಚ್ಚಿನವನ್ನು ಬಚ್ಚಿಟ್ಟರು. ಸೆಪ್ಟೆಂಬರಿನಲ್ಲಿ ಅವರ ತಿಲೀಪನ್ ಎಂಬ ತರುಣ ನೀರನ್ನೂ ಮುಟ್ಟದೆ ಉಪವಾಸ ಕುಳಿತು 26ರಂದು ತೀರಿಕೊಂಡ. ಅವನ ಬೇಡಿಕೆಗಳನ್ನು ಇಟ್ಟದ್ದು ಭಾರತದ ಮುಂದೆ. ಉಪವಾಸವನ್ನು ಸತ್ಯಾಗ್ರಹದ ಮಾರ್ಗವೆಂದು ಲೋಕಕ್ಕೆ ತೋರಿಸಿಕೊಟ್ಟ ದೇಶವು ಉತ್ತರವಿಲ್ಲದೆ ನಿಂತಿತು. ಅಕ್ಟೋಬರ್ ಮೊದಲ ವಾರದಲ್ಲಿ ಲಂಕೆಯ ನೌಕಾಪಡೆ 17 ಮಂದಿ ಹುಲಿಗಳನ್ನು ಹಿಡಿಯಿತು. ಅವರನ್ನು ಕೊಲಂಬೊಗೆ ಒಯ್ಯಲು ಹೊರಟಾಗ ಅವರು ಸಯನೈಡ್ ನುಂಗಿ, ಅವರಲ್ಲಿ 12 ಮಂದಿ ಸತ್ತರು. ಸೆರೆಯಾದವರನ್ನು ಬಿಡಿಸಲಾರದ ಶಾಂತಿ ಪಡೆ ಯಾತಕ್ಕೆಂಬ ಪ್ರಶ್ನೆ ತಮಿಳರಲ್ಲಿ ಎದ್ದಿತು. ಹುಲಿಗಳು ಸಿಂಹಳೀಯ ನಾಗರಿಕರನ್ನು ಕೊಲ್ಲತೊಡಗಿದರು. ಅಕ್ಟೋಬರ್ ಎರಡನೆಯ ವಾರದಲ್ಲಿ ಹುಲಿಗಳ ನಿಶ್ಶಸ್ತ್ರೀಕರಣಕ್ಕಾಗಿ 'ಪವನ್' ಕಾರ್ಯಾಚರಣೆಗೆ ಆಜ್ಞೆ ಹೊರಟಿತು. ಶಾಂತಿ ಕಾಯಲು ಹೋದ ಪಡೆ ಕಾಳಗದ ಪಡೆಯಾಯಿತು.

ಅಕ್ಟೋಬರ್ 11ರ ರಾತ್ರಿ ಹುಲಿಗಳ ನಾಯಕರನ್ನು ಒಮ್ಮೆಗೇ ಹಿಡಿಯುವ ಉದ್ದೇಶದಿಂದ ಹೆಲಿಕಾಪ್ಟರುಗಳಲ್ಲಿ ಸೈನಿಕರನ್ನು ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಇಳಿಸಲಾಯಿತು. ರೇಡಿಯೊ ಸಂದೇಶಗಳನ್ನು ಕದ್ದು ಕೇಳಿದ್ದ ಹುಲಿಗಳು ಕಾದು ಕುಳಿತಿದ್ದರು. 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ 29 ಮಂದಿ ಅಲ್ಲಿಯೇ ಮಡಿದರು. ಒಬ್ಬನೇ ಒಬ್ಬ ಸೆರೆಸಿಕ್ಕು ಬದುಕಿದ. ಕೆಲವೇ ದಿನಗಳ ಕೆಲಸವೆಂದು ಎಣಿಸಿದ್ದ ಜಾಫ್ನಾ ಪಟ್ಟಣ ಕೈವಶವಾಗಲು ಎರಡು ವಾರಗಳಿಗೂ ಹೆಚ್ಚು ಬೇಕಾಯಿತು. ಪಟ್ಟಣ ಸಿಕ್ಕಿತು, ಹುಲಿಗಳು ಸಿಗಲಿಲ್ಲ. ಅವರು ವನ್ನಿಯ ಕಾಡು ಸೇರಿದರು. ಆ ಕಾಳಗದ ನಡುವೆ, ದೀಪಾವಳಿಯ ದಿನವಾದ ಅಕ್ಟೋಬರ್ 21ರಂದು, ಜಾಫ್ನಾದ ದೊಡ್ಡಾಸ್ಪತ್ರೆಯೊಳಗೆ ನುಗ್ಗಿದ ಭಾರತೀಯ ಸೈನಿಕರ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಸೇರಿ ಅರವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. 1989ರ ಆಗಸ್ಟಿನಲ್ಲಿ ವಲ್ವೆಟ್ಟಿತುರೆಯಲ್ಲಿಯೂ ಇಂಥದೇ ಹತ್ಯಾಕಾಂಡ ನಡೆಯಿತು. ಹೂಮಾಲೆ ಹಾಕಿದ ಕೈಗಳೇ ಶಪಿಸತೊಡಗಿದವು.

ನಮ್ಮ ಜವಾನರಲ್ಲಿ ಧೈರ್ಯಕ್ಕೆ ಕೊರತೆಯಿತ್ತೆಂದು ಯಾರೂ ಹೇಳಲಾರರು. ಎದೆಗೆ ಗುಂಡು ತಾಗಿದ ಮೇಲೂ ಎದುರಾಳಿಯ ರೈಫಲನ್ನು ಕಿತ್ತುಕೊಂಡು ಹೋರಾಡಿ 1987ರ ನವೆಂಬರ್ 25ರಂದು ಮಡಿದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ ಸಂದಿತು. ಕೊರತೆಯಿದ್ದುದು ಕಳುಹಿಸಿದವರ ನಿರ್ಧಾರದಲ್ಲಿ. ಸೈನಿಕನು ಮಧ್ಯಸ್ಥನೋ, ಪೋಲೀಸನೋ, ಶತ್ರುವೋ ಎಂಬುದು ಅವನಿಗೇ ತಿಳಿಯದಿದ್ದರೆ ಎದುರಿಗೆ ಬರುವ ಸೈಕಲ್ ಸವಾರನನ್ನು ಅವನು ಹೇಗೆ ಕಾಣಬೇಕು? ಪಂಜಾಬಿನಿಂದಲೋ ಗಢವಾಲದಿಂದಲೋ ಬಂದ ಜವಾನನಿಗೆ ತಮಿಳು ಬಾರದು. ಹಳ್ಳಿಯ ಮುದುಕಿ ಎಚ್ಚರಿಕೆ ಹೇಳುತ್ತಿದ್ದಾಳೋ ಬೈಯುತ್ತಿದ್ದಾಳೋ ಎಂದು ತಿಳಿಯದು. ಭಾಷೆಯ ಜಗಳ ಬಗೆಹರಿಸಲು ಹೋದ ಪಡೆಗೆ ಆ ಭಾಷೆಯೇ ತಿಳಿದಿರಲಿಲ್ಲ ಎಂಬುದು ವಿಷಾದದ ಮಾತು.

ಎರಡೂ ಕಡೆಯವರಿಗೆ ಬೇಡವಾದವರು

ದಕ್ಷಿಣ ಲಂಕೆಯಲ್ಲಿ ಆದದ್ದು ಇನ್ನೂ ವಿಚಿತ್ರ. ಭಾರತೀಯ ಸೇನೆಯ ಇರವನ್ನೇ ನೆಪ ಮಾಡಿಕೊಂಡು ಜನತಾ ವಿಮುಕ್ತಿ ಪೆರಮುನವು ಸಿಂಹಳೀಯ ತರುಣರನ್ನು ಎರಡನೆಯ ಬಾರಿ ದಂಗೆಗೆಬ್ಬಿಸಿತು. ಅದನ್ನು ಅಡಗಿಸುವಾಗ ಅಲ್ಲಿನ ಸರಕಾರ ನಡೆಸಿದ ಹತ್ಯೆಗಳಲ್ಲಿ ಸಾವಿರಾರು ಜನ ಕಾಣೆಯಾದರು. 1988ರ ನವೆಂಬರಿನಲ್ಲಿ ಭಾರತದ ಕಾವಲಿನಲ್ಲಿ ಪ್ರಾಂತೀಯ ಮಂಡಳಿಗೆ ಚುನಾವಣೆ ನಡೆದು ಇ.ಪಿ.ಆರ್.ಎಲ್.ಎಫ್.ನ ವರದರಾಜ ಪೆರುಮಾಳ್ ಮುಖ್ಯಮಂತ್ರಿಯಾದರು. ಆ ಗದ್ದುಗೆಯ ಕಾಲುಗಳು ಭಾರತೀಯ ಸೇನೆಯ ಮೇಲೆಯೇ ನಿಂತಿದ್ದವು.

1989ರ ಜನವರಿಯಲ್ಲಿ ಅಧ್ಯಕ್ಷರಾದ ರಣಸಿಂಘೆ ಪ್ರೇಮದಾಸರಿಗೆ ಭಾರತೀಯ ಪಡೆ ಮೊದಲಿನಿಂದಲೂ ಬೇಡವಾಗಿತ್ತು. ಅವರು ಹುಲಿಗಳೊಡನೆ ಮಾತುಕತೆಗೆ ಕುಳಿತರು. ಜೂನ್ 1ರಂದು ಭಾರತೀಯ ಪಡೆ ಜುಲೈ ಕೊನೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಬಹಿರಂಗವಾಗಿ ಹೇಳಿದರು. ಅಷ್ಟಕ್ಕೇ ನಿಲ್ಲದೆ, ಭಾರತದ ಪಡೆಯನ್ನು ಎದುರಿಸಲೆಂದು ಹುಲಿಗಳಿಗೆ ಆಯುಧವನ್ನೂ ಕೊಡಿಸಿದರು. ಯಾರ ದೇಶವನ್ನು ಒಡೆಯದಂತೆ ಕಾಯಲು ನಮ್ಮ ಜವಾನರು ಸಾಯುತ್ತಿದ್ದರೋ ಆ ದೇಶದ ಸರಕಾರವೇ ಅವರನ್ನು ಕೊಲ್ಲುವವರ ಕೈಗೆ ಮದ್ದುಗುಂಡು ನೀಡಿತು. ಅಲ್ಲಿನ ಇಬ್ಬರ ಜಗಳದಲ್ಲಿ ತಲೆಹಾಕಿದ ಮೂರನೆಯವನಿಗೆ ಇಬ್ಬರಿಂದಲೂ ಏಟು ಬಿತ್ತು. 1989ರ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದ ವಿ.ಪಿ. ಸಿಂಗ್ ಸರಕಾರವು ಸೇನೆಯ ವಾಪಸಾತಿಯನ್ನು ಪೂರ್ಣಗೊಳಿಸಿತು.

ಮುಂದಿನ ಕತೆ ಎಲ್ಲರಿಗೂ ತಿಳಿದದ್ದೇ. ಸೇನೆ ಹೊರಟೊಡನೆ ಪೆರುಮಾಳರ ಆಡಳಿತ ಕುಸಿದು ಅವರು ಭಾರತದಲ್ಲಿ ಆಶ್ರಯ ಪಡೆದರು. ಮೂರು ತಿಂಗಳೊಳಗೆ ಹುಲಿಗಳಿಗೂ ಪ್ರೇಮದಾಸರಿಗೂ ಯುದ್ಧ ಮರುಕಳಿಸಿತು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ ಗಾಂಧಿಯವರನ್ನು ಹುಲಿಗಳ ಆತ್ಮಹತ್ಯಾ ಬಾಂಬು ಬಲಿ ತೆಗೆದುಕೊಂಡಿತು. ಸಂಚಿನ ಮುಖ್ಯಸ್ಥ ಶಿವರಾಸನ್ ಮತ್ತು ಸಂಗಡಿಗರು ಅದೇ ವರ್ಷ ಆಗಸ್ಟ್ 20ರಂದು ಹೆಣವಾಗಿ ಸಿಕ್ಕಿದ್ದು ಬೆಂಗಳೂರಿನ ಹೊರವಲಯದ ಕೋಣನಕುಂಟೆಯಲ್ಲಿ. ಬೆಂಗಳೂರಿನಿಂದ ಅನ್ನ ಹೊತ್ತ ವಿಮಾನ ಹಾರಿ ಹೋದ ನಾಲ್ಕು ವರ್ಷಗಳಲ್ಲಿ ಆ ಯುದ್ಧದ ಹೆಣಗಳು ಬೆಂಗಳೂರಿಗೇ ಬಂದು ಬಿದ್ದವು. 1993ರಲ್ಲಿ ಪ್ರೇಮದಾಸರೂ ಆತ್ಮಹತ್ಯಾ ಬಾಂಬಿಗೆ ತುತ್ತಾದರು. 2009ರ ಮೇ ತಿಂಗಳಲ್ಲಿ ಲಂಕಾ ಸೇನೆ ಹುಲಿಗಳನ್ನು ನಿರ್ನಾಮ ಮಾಡುವವರೆಗೆ ಯುದ್ಧ ನಡೆದು, ಕೊನೆಯ ತಿಂಗಳುಗಳಲ್ಲಿಯೇ ಹತ್ತಾರು ಸಾವಿರ ತಮಿಳು ನಾಗರಿಕರು ಸತ್ತರೆಂದು ವಿಶ್ವಸಂಸ್ಥೆಯ ತಜ್ಞರ ವರದಿ ಹೇಳಿತು.

ಗೆದ್ದ ಸಂದರ್ಭಗಳೂ ಇವೆ

ಹಾಗಾದರೆ ಹೊರನಾಡಿಗೆ ಹೋದ ಸೇನೆ ಯಾವತ್ತೂ ಸೋಲುವುದೇ? ಹಾಗೆನ್ನುವುದು ನ್ಯಾಯವಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನಕ್ಕೆ ಹೋದದ್ದೂ ಇದೇ ಸೇನೆ. ಡಿಸೆಂಬರ್ 3ರಿಂದ 16ರವರೆಗೆ ಎರಡು ವಾರಗಳೊಳಗೆ ಯುದ್ಧ ಮುಗಿಯಿತು. ಆದರೆ ಅಲ್ಲಿನ ಜನ 1970ರ ಚುನಾವಣೆಯಲ್ಲಿಯೇ ತಮ್ಮ ತೀರ್ಪು ಕೊಟ್ಟಿದ್ದರು. ತಮ್ಮ ಪ್ರಾಂತದ 169 ಸ್ಥಾನಗಳಲ್ಲಿ 167ನ್ನು ಅವಾಮಿ ಲೀಗಿಗೆ ನೀಡಿದ್ದರು. ಗಡಿ ದಾಟಿದ ಸೇನೆ ಜನರ ಇಚ್ಛೆಯ ಜೊತೆಗೆ ನಡೆಯಿತು. 1972ರ ಮಾರ್ಚಿಯಲ್ಲಿ, ನಾಲ್ಕು ತಿಂಗಳು ತುಂಬುವ ಮೊದಲೇ, ಅದು ಹಿಂದೆ ಬಂತು. 1988ರ ನವೆಂಬರ್ 3ರಂದು ಮಾಲ್ದೀವಿನ ಅಧ್ಯಕ್ಷ ಗಯೂಮರ ಸರಕಾರವನ್ನು ಉರುಳಿಸಲು ಲಂಕೆಯ ತಮಿಳು ಗುಂಪೊಂದರ ಬಾಡಿಗೆ ಬಂಟರು ದಾಳಿ ಮಾಡಿದರು. ಅಂದು ರಾತ್ರಿಯೇ ಆಗ್ರಾದಿಂದ ಹಾರಿದ ನಮ್ಮ ಪ್ಯಾರಾ ಸೈನಿಕರು ಅಲ್ಲಿ ಇಳಿದರು. ಕರೆದವರು ಅಲ್ಲಿನ ಸರಕಾರದವರೇ, ಕೆಲಸ ಸ್ಪಷ್ಟ, ಕೆಲಸ ಮುಗಿದೊಡನೆ ಹೆಚ್ಚಿನವರು ಮನೆಗೆ ಬಂದರು. ಜಾಫ್ನಾದಲ್ಲಿ ನಮ್ಮ ಪಡೆ ಸಿಕ್ಕಿಕೊಂಡಿದ್ದುದೂ ಅದೇ ಸಮಯದಲ್ಲಿ ಎಂಬುದನ್ನು ಗಮನಿಸಬೇಕು. ಸೇನೆ ಒಂದೇ, ಕಾಲ ಒಂದೇ. ಬೇರೆಯಾಗಿದ್ದುದು ಒಪ್ಪಿಸಿದ ಕೆಲಸ.

ಲೋಕದ ಇತರ ಬಲಾಢ್ಯರ ಅನುಭವವೂ ಇದನ್ನೇ ಹೇಳುತ್ತದೆ. ವಿಯೆಟ್ನಾಮಿನಲ್ಲಿ ಒಂದು ಹಂತದಲ್ಲಿ ಐದು ಲಕ್ಷಕ್ಕೂ ಮೀರಿ ಸೈನಿಕರನ್ನು ಇಟ್ಟ ಅಮೆರಿಕವು 58,000ಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡು 1973ರಲ್ಲಿ ಹೊರಬಂತು. ಎರಡು ವರ್ಷಗಳಲ್ಲಿ ಅದು ಕಟ್ಟಿದ ಸರಕಾರ ಬಿತ್ತು. 1979ರ ಡಿಸೆಂಬರಿನಲ್ಲಿ ಅಫ್ಘಾನಿಸ್ಥಾನ ಹೊಕ್ಕ ಸೋವಿಯತ್ ಸೇನೆ ಸುಮಾರು 15,000 ಸೈನಿಕರನ್ನು ಬಲಿಕೊಟ್ಟು 1989ರ ಫೆಬ್ರವರಿಯಲ್ಲಿ ಮರಳಿತು. ಅದೇ ನೆಲಕ್ಕೆ 2001ರಲ್ಲಿ ಹೋದ ಅಮೆರಿಕ ಇಪ್ಪತ್ತು ವರ್ಷ ಕಳೆದು 2021ರ ಆಗಸ್ಟಿನಲ್ಲಿ ಹೊರಡುವಾಗ, ಕೊನೆಯ ವಿಮಾನ ಏರುವ ಮೊದಲೇ ಕಾಬೂಲು ತಾಲಿಬಾನರ ಕೈಸೇರಿತ್ತು. ಒಂದು ಊರನ್ನು ಹಿಡಿಯಲು, ಒಂದು ಸೇತುವೆಯನ್ನು ಕಾಯಲು ಸೇನೆಯಿಂದ ಸಾಧ್ಯ. ಜನ ತಮ್ಮದೆಂದು ಒಪ್ಪುವ ಸರಕಾರವನ್ನು ಹೊರಗಿನ ಸೇನೆ ಕಟ್ಟಿಕೊಡಲಾರದು. ಕೂಡಿ ಬಾಳಲು ಮನಸ್ಸಿಲ್ಲದವರನ್ನು ಕೋವಿ ತೋರಿಸಿ ಕೂಡಿಸಲಾರದು.

ಉಳಿದದ್ದೇನು?

ಲಂಕೆಯ ಸಾಹಸದಿಂದ ಏನೂ ಉಳಿಯಲಿಲ್ಲವೇ? ಉಳಿದದ್ದು ಒಂದಿದೆ, ಮತ್ತು ಅದು ಸೇನೆ ಗೆದ್ದದ್ದಲ್ಲ, ಕಾಗದದ ಮೇಲೆ ಬರೆದದ್ದು. 1987ರ ನವೆಂಬರಿನಲ್ಲಿ ಲಂಕೆಯ ಸಂಸತ್ತು ಒಪ್ಪಿದ 13ನೆಯ ಸಂವಿಧಾನ ತಿದ್ದುಪಡಿಯು ತಮಿಳನ್ನೂ ಅಧಿಕೃತ ಭಾಷೆಯೆಂದು ಸಾರಿತು, ಪ್ರಾಂತೀಯ ಮಂಡಳಿಗಳನ್ನು ಸ್ಥಾಪಿಸಿತು. 31 ವರ್ಷಗಳ ಹಿಂದೆ ಮಾಡಿದ ತಪ್ಪನ್ನು ಅಕ್ಷರದಲ್ಲಾದರೂ ತಿದ್ದಲಾಯಿತು. ಆದರೆ ಅಕ್ಷರದಲ್ಲಿದ್ದುದು ಆಚರಣೆಗೆ ಬರುವುದು ನಿಧಾನ. ಉತ್ತರ-ಪೂರ್ವಗಳ ಜೋಡಣೆ ಸಿಂಧುವಲ್ಲವೆಂದು 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತು, ಎರಡೂ ಪ್ರಾಂತಗಳು ಮತ್ತೆ ಬೇರೆಯಾದವು. ಬೇರೆಯಾದ ಉತ್ತರ ಪ್ರಾಂತದ ಮಂಡಳಿಗೆ ಮೊದಲ ಚುನಾವಣೆ ನಡೆದದ್ದು 2013ರಲ್ಲಿ.

ಭಾಷಾ ಅಲ್ಪಸಂಖ್ಯಾತರಿಗೆ ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದು ಬಹುಸಂಖ್ಯಾತರ ಸರಕಾರಗಳಿಗೆ. ನೆರೆಮನೆಯವನ ಮಾತನ್ನು ಕಚೇರಿಯಿಂದ, ಶಾಲೆಯಿಂದ ಹೊರಗಟ್ಟಿದರೆ ಆ ಒಂದು ಕಾನೂನಿನ ಬೆಲೆಯನ್ನು ಮೂರು ತಲೆಮಾರು ತೆರಬೇಕಾದೀತು. ಲಂಕೆ ಸಿಂಹಳವೊಂದೇ ಎಂದ ಅದೇ 1956ರಲ್ಲಿ ನಮ್ಮ ಸಂವಿಧಾನಕ್ಕೆ ಏಳನೆಯ ತಿದ್ದುಪಡಿ ಬಂದು, ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಬೇಕೆಂಬ 350-ಎ ವಿಧಿ ಸೇರಿತು. ಅದು ಎಷ್ಟು ಸರಿಯಾಗಿ ಜಾರಿಯಾಗಿದೆ ಎಂಬ ಬಗ್ಗೆ ನಮಗೆ ದೂರುಗಳಿವೆ. ಆದರೆ ದೂರು ಕೊಡಲು ಒಂದು ಬಾಗಿಲಿದೆ, ಉಲ್ಲೇಖಿಸಲು ಒಂದು ವಿಧಿಯಿದೆ. ಆ ಬಾಗಿಲು ಮುಚ್ಚಿದಲ್ಲಿ ತರುಣರ ಕೈಗೆ ಕೋವಿ ಬಂತು.

ಎರಡನೆಯದು ಅಲ್ಪಸಂಖ್ಯಾತರಿಗೇ ಸೇರಿದ್ದು. ಹೊರಗಿನ ದೊಡ್ಡವನು ಬಂದು ನಮ್ಮನ್ನು ಕಾಪಾಡುತ್ತಾನೆಂಬ ನಂಬಿಕೆ ಅಪಾಯಕರ. ದೊಡ್ಡವನು ಬರುವಾಗ ತನ್ನ ಲೆಕ್ಕವನ್ನೂ ಜೊತೆಗೆ ತರುತ್ತಾನೆ. ಅವನ ಲೆಕ್ಕ ಮುಗಿದ ದಿನ ಅವನು ಹಡಗು ಹತ್ತುತ್ತಾನೆ, ನೆರೆಯವನೊಡನೆ ಬಾಳಬೇಕಾದವರು ಅಲ್ಲಿಯೇ ಉಳಿಯುತ್ತಾರೆ. ಜಾಫ್ನಾದ ತಾಯಂದಿರಿಗೆ ಇದು ಗೊತ್ತು.

ಕೊಲಂಬೊದ ಬಳಿಯ ಶ್ರೀ ಜಯವರ್ಧನಪುರ ಕೋಟ್ಟೆಯಲ್ಲಿ ಮಡಿದ ಭಾರತೀಯ ಸೈನಿಕರ ಸ್ಮಾರಕವಿದೆ. ಒಮ್ಮೆ ಅವರನ್ನು ಹೊರಟುಹೋಗಿರೆಂದ ದೇಶವೇ ಅದಕ್ಕೆ ನೆಲ ಕೊಟ್ಟಿತು. ನಮ್ಮ ಪ್ರಧಾನಿಯವರು 2015ರಲ್ಲಿಯೂ 2025ರಲ್ಲಿಯೂ ಅಲ್ಲಿ ಪುಷ್ಪಗುಚ್ಛ ಇರಿಸಿದರು. ಆಜ್ಞೆಗೆ ತಲೆಬಾಗಿ ಹೋದವರಿಗೆ ಆ ಗೌರವ ಸಲ್ಲಲೇಬೇಕು. ಆದರೆ ಸ್ಮಾರಕಕ್ಕೆ ಹೂವಿಡುವುದರ ಜೊತೆಗೆ, ಅವರನ್ನು ಕಳುಹಿಸುವಾಗ ಕೇಳದೆ ಬಿಟ್ಟ ಪ್ರಶ್ನೆಗಳನ್ನೂ ನೆನಪಿಡಬೇಕು. ಕೆಲಸ ಏನು? ಅಲ್ಲಿನ ಜನ ಒಪ್ಪಿದ್ದಾರೆಯೇ? ಮುಗಿದದ್ದು ಹೇಗೆ ತಿಳಿಯುವುದು? ಮರಳುವುದು ಯಾವಾಗ? ಮುಂದೆ ಎಂದಾದರೂ ಯಾವುದಾದರೂ ನೆರೆನಾಡಿಗೆ ನಮ್ಮ ಹುಡುಗರನ್ನು ಕಳುಹಿಸುವ ಮಾತು ಬಂದರೆ, ಈ ನಾಲ್ಕಕ್ಕೂ ಉತ್ತರ ಸಿಗುವವರೆಗೆ ಸಂಸತ್ತು ಒಪ್ಪಿಗೆ ಕೊಡದಿರಲಿ.